ಲೋಟದ ಪಕ್ಕದ ಮಾತ್ರೆ ಡಬ್ಬಿ: ಹಬ್ಬ, ರಜೆ ಮತ್ತು ಬಿಪಿ

ಮೊದಲು ಒಂದು ಪ್ರಶ್ನೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಸರಿ, ಹೆಚ್ಚುಕಡಿಮೆ ಅರ್ಧ ಸಭೆ. ನನ್ನನ್ನೂ ಸೇರಿಸಿಕೊಳ್ಳಿ, 11 ವರ್ಷದಿಂದ ನಾನೂ ನುಂಗುತ್ತಿದ್ದೇನೆ. ಈಗ ಎರಡನೇ ಪ್ರಶ್ನೆ. ಹೋದ ಸಲ ಹಬ್ಬಕ್ಕೋ ರಜೆಗೋ ನಾಲ್ಕು ದಿನ ಮನೆ ಬಿಟ್ಟು ಹೋಗಿದ್ದಾಗ ಒಂದೇ ಒಂದು ಮಾತ್ರೆಯನ್ನೂ ತಪ್ಪಿಸದವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ. ನೋಡಿ, ಎಷ್ಟು ಕೈ ಕೆಳಗೆ ಬಂದವು! ನನ್ನದೂ ಬಂತು, ಗಮನಿಸಿದಿರಾ?

ರಜೆ ಮುಗಿದ ಮೇಲಿನ ವಾರ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ಮಾತನ್ನು ಹತ್ತು ಬಾಯಲ್ಲಿ ಕೇಳುತ್ತೇನೆ. "ಡಾಕ್ಟ್ರೇ, ಊಟ ಸ್ವಲ್ಪ ಜಾಸ್ತಿ ಆಯ್ತು, ಅದಕ್ಕೇ ಏರಿದೆ." ಒಬ್ಬರು ಬಂದಿದ್ದರು, ಅರವತ್ತು ದಾಟಿದ ಮನುಷ್ಯ, ಬಹಳ ಶಿಸ್ತಿನವರು. ಯಾವಾಗ ನೋಡಿದರೂ 130ರ ಆಸುಪಾಸಿನಲ್ಲಿ ಇರುತ್ತಿದ್ದ ಬಿಪಿ ಅವತ್ತು 168 ತೋರಿಸಿತು. ಕೆಳಗಿನದು 100. ಅವರೂ ಊಟದ ಕಥೆಯನ್ನೇ ಹೇಳಿದರು. ನಾನು ಇನ್ನೇನು ಮಾತ್ರೆಯ ಪ್ರಮಾಣ ಹೆಚ್ಚಿಸಿ ಬರೆದುಕೊಡಬೇಕು, ಅಷ್ಟರಲ್ಲಿ ಸುಮ್ನೆ ಕೇಳಿದೆ, ಮಾತ್ರೆ ಸರಿಯಾಗಿ ತಗೊಂಡಿರಿ ತಾನೇ? ಅವರು ಸ್ವಲ್ಪ ಹೊತ್ತು ಮೇಜನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೊರಗೆ ಬಂತು. ಅವರ ಮಾತ್ರೆ ಡಬ್ಬಿ ಇರುವುದು ಅಡುಗೆಮನೆಯಲ್ಲಿ, ಅವರು ದಿನಾ ಕಾಫಿ ಕುಡಿಯುವ ಲೋಟದ ಪಕ್ಕ. ಬೆಳಿಗ್ಗೆ ಲೋಟಕ್ಕೆ ಕೈ ಹಾಕುತ್ತಾರೆ, ಡಬ್ಬಿ ಕಣ್ಣಿಗೆ ಬೀಳುತ್ತದೆ, ಮಾತ್ರೆ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಹೀಗೇ. ಮಗಳ ಮನೆಯಲ್ಲಿ ಆ ಲೋಟ ಇರಲಿಲ್ಲ. ಕಾಫಿ ಮಗಳೇ ಕೈಗೆ ತಂದುಕೊಡುತ್ತಿದ್ದಳು. ಡಬ್ಬಿ ಸೂಟ್‌ಕೇಸಿನ ಅಡಿಯಲ್ಲಿ ಬಟ್ಟೆಗಳ ಕೆಳಗೆ ಇತ್ತು. ಒಂಬತ್ತು ದಿನ.

ನಾನು ಇವತ್ತು ಹೇಳಬೇಕಾದ ಮುಖ್ಯ ವಿಷಯ ಈ ಲೋಟದಲ್ಲೇ ಇದೆ. ರಜೆಯಲ್ಲಿ ಬಿಪಿ ಏರಿದರೆ ನಾವು ಬೈಯುವುದು ಊಟವನ್ನು. ಊಟದ ಪಾತ್ರ ಇದೆ, ಇಲ್ಲ ಅನ್ನುವುದಿಲ್ಲ, ಅದಕ್ಕೂ ಬರುತ್ತೇನೆ. ಆದರೆ ನನ್ನ ಅನುಭವದಲ್ಲಿ ಮೊದಲು ಕಳಚಿಕೊಳ್ಳುವುದು ದಿನಚರಿ. ಮನೆಯಲ್ಲಿ ನಮ್ಮನ್ನು ಕಾಯುತ್ತಿದ್ದದ್ದು ನಮ್ಮ ಮನೋಬಲ ಅಂದುಕೊಂಡಿರುತ್ತೇವೆ, ನಿಜವಾಗಿ ಕಾಯುತ್ತಿದ್ದದ್ದು ಆ ಲೋಟ, ಆ ಗಡಿಯಾರ, ಸಂಜೆ ಆರಕ್ಕೆ ವಾಕಿಂಗಿಗೆ ಕರೆಯುವ ಪಕ್ಕದ ಮನೆಯವರು. ಅವನ್ನೆಲ್ಲ ಬಿಟ್ಟು ಹೊರಟರೆ ಮಾತ್ರೆಯನ್ನು ನೆನಪಿಸುವವರು ಯಾರೂ ಇಲ್ಲ.

ಸಂಖ್ಯೆಗಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಮೇಲಿನ ಸಂಖ್ಯೆ ಹೃದಯ ಹಿಂಡಿದಾಗ ರಕ್ತನಾಳದ ಒಳಗಿರುವ ಒತ್ತಡ, ಕೆಳಗಿನದು ಹೃದಯ ಸಡಿಲಿಸಿದಾಗ ಇರುವ ಒತ್ತಡ. ಡಾಕ್ಟರ ಮುಂದೆ ಬೇರೆ ಬೇರೆ ದಿನ ಅಳೆದಾಗ 140/90 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಬಿಪಿ ಇದೆ ಅನ್ನುತ್ತೇವೆ. ಮನೆಯಲ್ಲಿ ಅಳೆದರೆ ಆ ಗೆರೆ ಸ್ವಲ್ಪ ಕೆಳಗೆ, 135/85. ಅಮೆರಿಕದ ಹೃದ್ರೋಗ ಸಂಘಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದವು, ಅದರ ಮೇಲೆ ಚರ್ಚೆ ಇನ್ನೂ ಇದೆ. ನಿಮಗೆ ಎಷ್ಟಿರಬೇಕು ಅನ್ನುವುದು ವಯಸ್ಸು, ಸಕ್ಕರೆ ಕಾಯಿಲೆ, ಕಿಡ್ನಿ ಎಲ್ಲ ನೋಡಿ ನಿಮ್ಮ ಡಾಕ್ಟರು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬಿಪಿ ಇರುವ ವಯಸ್ಕರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಹತೋಟಿಯಲ್ಲಿ ಇಟ್ಟುಕೊಂಡಿರುವವರು ಐವರಲ್ಲಿ ಒಬ್ಬರಷ್ಟೇ. ಇದು ನೋವು ಕೊಡುವ ಕಾಯಿಲೆ ಆಗಿದ್ದರೆ ಈ ಲೆಕ್ಕ ಹೀಗಿರುತ್ತಿರಲಿಲ್ಲ. ಹಲ್ಲುನೋವಿನ ಮಾತ್ರೆಯನ್ನು ಯಾರಾದರೂ ಮರೆತದ್ದು ಕೇಳಿದ್ದೀರಾ?

ಇಲ್ಲೊಂದು ಸಣ್ಣ ಕಥೆ ಹೇಳಲೇಬೇಕು, ನನಗೆ ಬಹಳ ಇಷ್ಟ ಅದು. ರಕ್ತದ ಒತ್ತಡವನ್ನು ಮೊದಲು ಅಳೆದದ್ದು ವೈದ್ಯನಲ್ಲ, ಒಬ್ಬ ಇಂಗ್ಲಿಷ್ ಪಾದ್ರಿ, ಹೆಸರು ಸ್ಟೀಫನ್ ಹೇಲ್ಸ್. ಕುದುರೆಯ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ಹಾಕಿ, ಅದಕ್ಕೆ ಉದ್ದದ ಗಾಜಿನ ಕೊಳವೆ ಜೋಡಿಸಿ ನಿಲ್ಲಿಸಿದರು. ರಕ್ತ 8 ಅಡಿಗಿಂತ ಮೇಲಕ್ಕೆ ಏರಿ ನಿಂತಿತು. 1733ರಲ್ಲಿ ಇದನ್ನು ಪುಸ್ತಕದಲ್ಲಿ ಪ್ರಕಟಿಸಿದರು. ನಿಮ್ಮ ಬಿಪಿ 120 ಅಂದರೆ 120 ಮಿಲಿಮೀಟರ್ ಪಾದರಸ. ಪಾದರಸ ನೀರಿಗಿಂತ 13 ಪಟ್ಟಿಗೂ ಹೆಚ್ಚು ಭಾರ. ಅದರ ಬದಲು ನೀರು ತುಂಬಿದ ಕೊಳವೆ ಇಟ್ಟಿದ್ದರೆ 5 ಅಡಿ ದಾಟುತ್ತಿತ್ತು, ನಮ್ಮಲ್ಲಿ ಕೆಲವರ ಎತ್ತರ. ಹೃದಯ ಪ್ರತಿ ಬಡಿತಕ್ಕೂ ಅಷ್ಟೆತ್ತರದ ನೀರನ್ನು ಹೊತ್ತ ಹಾಗೆ. 168 ಆದರೆ 7 ಅಡಿಗೂ ಮೇಲೆ. ತೋಳಿಗೆ ಪಟ್ಟಿ ಸುತ್ತುವ ಉಪಕರಣ ಬಂದದ್ದು 1896ರಲ್ಲಿ, ಇಟಲಿಯ ರಿವಾ ರೋಚ್ಚಿ ಮಾಡಿದ್ದು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅದರ ಜೊತೆ ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುವುದನ್ನು ಕಂಡುಹಿಡಿದರು. ಸರಿ, ವಿಷಯಕ್ಕೆ ಬರೋಣ.

ರಜೆಗೂ ಹೃದಯಕ್ಕೂ ನಿಜವಾಗಿ ಸಂಬಂಧ ಇದೆಯಾ, ಅಥವಾ ಡಾಕ್ಟರುಗಳು ಸುಮ್ನೆ ಹೆದರಿಸುತ್ತಾರಾ? ಸ್ವೀಡನ್ನಿನವರು ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. 1998ರಿಂದ 2013ರವರೆಗೆ ಅಲ್ಲಿ ದಾಖಲಾದ 2 ಲಕ್ಷ 80 ಸಾವಿರಕ್ಕೂ ಹೆಚ್ಚು ಹೃದಯಾಘಾತಗಳನ್ನು ದಿನ, ಗಂಟೆ ಸಮೇತ ಜೋಡಿಸಿದರು. 2018ರಲ್ಲಿ ಪ್ರಕಟವಾಯಿತು. ಕ್ರಿಸ್ಮಸ್ ಹಿಂದಿನ ದಿನ ಹೃದಯಾಘಾತ ಮಾಮೂಲಿಗಿಂತ 37 ಪ್ರತಿಶತ ಜಾಸ್ತಿ, ಅದರಲ್ಲೂ ರಾತ್ರಿ 10 ಗಂಟೆ ಹೊತ್ತಿಗೆ. 75 ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಮತ್ತು ಮೊದಲೇ ಹೃದಯದ ತೊಂದರೆ ಇದ್ದವರಲ್ಲಿ ಇದು ಹೆಚ್ಚು ಕಂಡಿತು. ಚಳಿಗಾಲ ಅಲ್ವಾ, ಅದಕ್ಕಿರಬಹುದು ಅನ್ನುತ್ತೀರಿ. ಆದರೆ ನಡುಬೇಸಿಗೆಯ ಹಬ್ಬದಲ್ಲೂ ಏರಿಕೆ ಇತ್ತು. ಈಸ್ಟರ್ ರಜೆಯಲ್ಲಿ ಇರಲಿಲ್ಲ. ಅಂದರೆ ಎಲ್ಲ ರಜೆಯೂ ಒಂದೇ ಅಲ್ಲ. ಮತ್ತೆ, ಇದು ಹೃದಯಾಘಾತದ ಲೆಕ್ಕ, ಬಿಪಿಯದಲ್ಲ. ಯಾವ ಕಾರಣಕ್ಕೆ ಅಂತಲೂ ಅದು ಸಾಬೀತು ಮಾಡುವುದಿಲ್ಲ. ಊಟ, ಕುಡಿತ, ಮನೆಮಂದಿಯ ಜಟಾಪಟಿ, ನಿದ್ದೆಗೇಡು, ಎದೆನೋವು ಬಂದರೂ "ಹಬ್ಬದ ದಿನ ಯಾಕೆ ಎಲ್ಲರಿಗೂ ತೊಂದರೆ" ಅಂತ ಸುಮ್ಮನಿರುವುದು, ಎಲ್ಲ ಸೇರಿರಬಹುದು. ಕೊನೆಯದು ನಾನು ಕಣ್ಣಾರೆ ಕಂಡದ್ದು.

ಚಳಿಯ ವಿಷಯ ಬಂತು, ಹೇಳಿಬಿಡುತ್ತೇನೆ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಬೆಚ್ಚಗೆ ಇರಿ, ಅಷ್ಟೇ. ತಣ್ಣಗಿನ ಬೆಳಗಿನಲ್ಲಿ ಎದ್ದವರೇ ಭಾರ ಎತ್ತುವ ಕೆಲಸಕ್ಕೆ ಇಳಿಯಬೇಡಿ.

ಇನ್ನೊಂದು ನಂಬಿಕೆ ಇದೆ. "ರಜೆಯಲ್ಲಿ ಆರಾಮಾಗಿ ಇರುತ್ತೇನೆ, ಟೆನ್ಷನ್ ಇಲ್ಲ, ಹಾಗಾಗಿ ಮಾತ್ರೆ ಬೇಡ." ಇದನ್ನು ಹೇಳುವವರಿಗೆಲ್ಲ ನಾನು ಫ್ರಾಂಕ್ಲಿನ್ ರೂಸ್ವೆಲ್ಟ್ ಕಥೆ ಹೇಳುತ್ತೇನೆ. ಅಮೆರಿಕದ ಅಧ್ಯಕ್ಷ, ಎರಡನೇ ಮಹಾಯುದ್ಧದ ಕಾಲ. 1944ರ ಮಾರ್ಚಿನಲ್ಲಿ ಹೃದ್ರೋಗ ತಜ್ಞರು ಪರೀಕ್ಷೆ ಮಾಡಿದಾಗ ಬಿಪಿ 186/108 ಇತ್ತು. ಅವರಿಗೆ ಸಿಗದ ಚಿಕಿತ್ಸೆ ಜಗತ್ತಿನಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಆದರೆ ಆ ಕಾಲದಲ್ಲಿ ಇದ್ದದ್ದೇ ವಿಶ್ರಾಂತಿ, ಉಪ್ಪು ಕಡಿಮೆ, ನಿದ್ದೆಗೆ ಔಷಧಿ, ಹೃದಯಕ್ಕೆ ಡಿಜಿಟಾಲಿಸ್. ಒಂದು ವರ್ಷದ ನಂತರ, 1945ರ ಏಪ್ರಿಲ್‌ನಲ್ಲಿ, ಅವರು ವಿಶ್ರಾಂತಿಗೆಂದೇ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋಗಿದ್ದರು. 12ನೇ ತಾರೀಖು ಮಧ್ಯಾಹ್ನ ಭಾವಚಿತ್ರಕ್ಕೆ ಕುಳಿತಿದ್ದಾಗ ವಿಪರೀತ ತಲೆನೋವು ಬಂತು, ಕುಸಿದರು. ಆಗ ಅಳೆದ ಬಿಪಿ 300ಕ್ಕೂ ಮೇಲೆ, ಕೆಳಗಿನದು 190. ಮೆದುಳಿನಲ್ಲಿ ರಕ್ತಸ್ರಾವ. 63 ವರ್ಷ. ವಿಶ್ರಾಂತಿ ಬೇಕು, ಒಳ್ಳೆಯದೇ, ಆದರೆ ವಿಶ್ರಾಂತಿ ಮಾತ್ರೆಯ ಕೆಲಸ ಮಾಡುವುದಿಲ್ಲ. ತೊಂದರೆ ಕಡಿಮೆ ಇರುವ, ಬಾಯಲ್ಲಿ ನುಂಗುವ ಥಯಜೈಡ್ ಗುಂಪಿನ ಮಾತ್ರೆ ಮಾರುಕಟ್ಟೆಗೆ ಬಂದದ್ದು 1958ರ ಹೊತ್ತಿಗೆ. ಅಧ್ಯಕ್ಷರಿಗೇ ಸಿಗದ ಮಾತ್ರೆ ಇವತ್ತು ನಮ್ಮ ಸೂಟ್‌ಕೇಸಿನ ಅಡಿಯಲ್ಲಿ ಬಿದ್ದಿರುತ್ತದೆ.

ಹಾಗಾದರೆ ಮಾತ್ರೆಗೆ ಏನು ಮಾಡುವುದು? ಲೋಟವನ್ನೇ ಜೊತೆಗೆ ಒಯ್ಯುವುದು ಒಂದು ದಾರಿ, ನಗಬೇಡಿ, ಒಬ್ಬರು ಹಾಗೇ ಮಾಡುತ್ತಾರೆ. ನಾನು ಹೇಳುವುದು ಏನೆಂದರೆ, ಎಲ್ಲಿಗೆ ಹೋದರೂ ಬಿಡದೆ ಮಾಡುವ ಒಂದು ಕೆಲಸಕ್ಕೆ ಮಾತ್ರೆಯನ್ನು ಕಟ್ಟಿಹಾಕಿ. ಹಲ್ಲುಜ್ಜುವುದು, ಕನ್ನಡಕ ಹಾಕಿಕೊಳ್ಳುವುದು, ಫೋನ್ ಚಾರ್ಜರ್‌ನಿಂದ ತೆಗೆಯುವುದು. ಡಬ್ಬಿ ಟೂತ್‌ಬ್ರಷ್ ಚೀಲದಲ್ಲಿ ಇರಲಿ. ವಾರದ ಏಳು ಖಾನೆಗಳಿರುವ ಡಬ್ಬಿ ಇನ್ನೂ ಒಳ್ಳೆಯದು, ಯಾಕೆಂದರೆ ರಜೆಯಲ್ಲಿ ನಿಜವಾದ ಸಮಸ್ಯೆ "ಇವತ್ತು ತಗೊಂಡೆನಾ ಇಲ್ಲವಾ" ಅನ್ನುವ ಅನುಮಾನ. ಅನುಮಾನ ಬಂದರೆ ಕೆಲವರು ಬಿಡುತ್ತಾರೆ, ಕೆಲವರು ಎರಡು ನುಂಗುತ್ತಾರೆ. ಖಾಲಿ ಖಾನೆ ಸುಳ್ಳು ಹೇಳುವುದಿಲ್ಲ.

ಪ್ರಯಾಣದಲ್ಲಿ ಮಾತ್ರೆ ಕೈಚೀಲದಲ್ಲಿ ಇರಲಿ, ಬೇರೆ ಕಡೆ ಹಾಕುವ ದೊಡ್ಡ ಲಗೇಜಿನಲ್ಲಿ ಬೇಡ. ಮೂರ್ನಾಲ್ಕು ದಿನಕ್ಕೆ ಆಗುವಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ, ರಜೆ ದಿನ ಔಷಧಿ ಅಂಗಡಿ ಮುಚ್ಚಿರಬಹುದು. ಡಾಕ್ಟರ ಚೀಟಿಯ ಫೋಟೋ ಫೋನಿನಲ್ಲಿರಲಿ. ಅಂಗಡಿಯವರ ಮುಂದೆ ನಿಂತು "ಚಿಕ್ಕದು, ಬಿಳಿ, ನಡುವೆ ಗೆರೆ ಇದೆ" ಅಂದರೆ ಅಂಥ ಮಾತ್ರೆ ಸಾವಿರ ಇವೆ.

ಒಂದು ಹೊತ್ತು ಮರೆತರೆ? ನೆನಪಾದಾಗ ತಗೊಳ್ಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ಮಾತ್ರ ಬೇಡ. ಆಮ್ಲೊಡಿಪಿನ್‌ನಂಥ ಮಾತ್ರೆ ಮೈಯಲ್ಲಿ ನಿಧಾನಕ್ಕೆ ಕರಗುತ್ತದೆ, ಒಂದು ದಿನ ತಪ್ಪಿದರೆ ಬಿಪಿ ತಕ್ಷಣ ಹಾರುವುದಿಲ್ಲ. ಆದರೆ ಕ್ಲೊನಿಡಿನ್ ಹಾಗಲ್ಲ. ಅದನ್ನು ಏಕಾಏಕಿ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲಕ್ಕೆ ಚಿಮ್ಮಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬೀಟಾ ಬ್ಲಾಕರ್‌ಗಳನ್ನು ಥಟ್ಟನೆ ಬಿಟ್ಟರೆ, ಹೃದಯದ ತೊಂದರೆ ಇರುವವರಿಗೆ ಎದೆನೋವು ಬರಬಹುದು. ನಿಮ್ಮದು ಯಾವ ಮಾತ್ರೆ ಅಂತ ಹೊರಡುವ ಮೊದಲು ಕೇಳಿಟ್ಟುಕೊಳ್ಳಿ.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ. ಬಿಪಿಗೆ ಬಹಳ ಜನಕ್ಕೆ ಅದನ್ನು ಕೊಡುತ್ತೇವೆ. ಆರು ಗಂಟೆಯ ಬಸ್ ಪ್ರಯಾಣ ಇದೆ, ದಾರಿಯಲ್ಲಿ ಶೌಚಾಲಯ ಎಲ್ಲಿದೆಯೋ ಗೊತ್ತಿಲ್ಲ, ಅವತ್ತು ಆ ಮಾತ್ರೆ ಯಾರು ತಾನೇ ನುಂಗುತ್ತಾರೆ? ಹೆಂಗಸರಂತೂ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಕೇಳಿ, ಬಹಳ ಸಲ ಉತ್ತರ ಸುಲಭ ಇರುತ್ತದೆ: ಅವತ್ತು ತಲುಪಿದ ಮೇಲೆ ತಗೊಳ್ಳಿ. ಬ್ರಿಟನ್ನಿನಲ್ಲಿ 21 ಸಾವಿರ ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬಿಪಿ ಮಾತ್ರೆಯನ್ನು ಬೆಳಿಗ್ಗೆ ತಗೊಂಡವರಿಗೂ ರಾತ್ರಿ ತಗೊಂಡವರಿಗೂ ಹೃದಯಾಘಾತ, ಲಕ್ವದ ವಿಷಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹೊತ್ತು ಪವಿತ್ರ ಅಲ್ಲ, ತಗೊಳ್ಳುವುದು ಮುಖ್ಯ.

ಇದರದ್ದೇ ಇನ್ನೊಂದು ಮುಖ. ಬಿಸಿಲಿನ ಊರಿಗೆ ಹೋಗಿ, ಬೆವರು ಹರಿದು, ಮೇಲೆ ವಾಂತಿ ಭೇದಿ ಬೇರೆ ಶುರುವಾದರೆ ಮೈಯಲ್ಲಿ ನೀರೇ ಉಳಿದಿರುವುದಿಲ್ಲ. ಆಗ ಅದೇ ಮಾತ್ರೆಗಳು ಬಿಪಿಯನ್ನು ಬೇಕಾದ್ದಕ್ಕಿಂತ ಇಳಿಸಬಹುದು, ಕಿಡ್ನಿಗೂ ಪೆಟ್ಟು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಒಂದೆರಡು ದಿನ ಯಾವುದನ್ನು ನಿಲ್ಲಿಸಬೇಕು ಅಂತ ಕೇಳಿ. ವಯಸ್ಸಾದವರಿಗೆ ಭರ್ತಿ ಊಟದ ನಂತರ ಬಿಪಿ ಇಳಿಯುವುದೂ ಉಂಟು, ರಕ್ತ ಹೊಟ್ಟೆಯ ಕಡೆ ಹರಿಯುತ್ತದೆ. ಊಟ ಮುಗಿಸಿ ದಡಕ್ಕನೆ ಏಳುವ ಅಜ್ಜಂದಿರನ್ನು ಸ್ವಲ್ಪ ನೋಡಿಕೊಳ್ಳಿ.

ಈಗ ಉಪ್ಪು. ಎಲ್ಲರೂ ಕಾಯುತ್ತಿದ್ದದ್ದು ಇದಕ್ಕೇ ಅಂತ ಗೊತ್ತು.

ಉಪ್ಪು ತಿಂದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಹೆಚ್ಚುತ್ತದೆ, ನಾಳದ ಮೇಲೆ ಒತ್ತಡ ಹೆಚ್ಚುತ್ತದೆ. ಹಬ್ಬದ ಮಾರನೇ ದಿನ ಉಂಗುರ ಬಿಗಿಯಾಗಿರುವುದು, ಕಾಲುಚೀಲದ ಗುರುತು ಆಳವಾಗಿ ಕೂರುವುದು, ತೂಕದ ಯಂತ್ರ ಒಂದು ಕಿಲೋ ಜಾಸ್ತಿ ತೋರಿಸುವುದು ನೋಡಿದ್ದೀರಿ ಅಲ್ವಾ? ಒಂದೇ ರಾತ್ರಿಯಲ್ಲಿ ಒಂದು ಕಿಲೋ ಕೊಬ್ಬು ಬರುವುದಿಲ್ಲ, ಅದರಲ್ಲಿ ಬಹುಪಾಲು ನೀರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ. ಜಗತ್ತು ಸರಾಸರಿ ತಿನ್ನುತ್ತಿರುವುದು ಅದರ ಎರಡರಷ್ಟು. ಹಬ್ಬದ ದಿನಗಳನ್ನು ಬಿಟ್ಟೂ.

ಊಟದ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ದೂರ ತಳ್ಳಿದರೆ ಆಯಿತು ಅಂದುಕೊಳ್ಳಬೇಡಿ. ಪ್ಯಾಕೆಟ್ ತಿಂಡಿ, ಬ್ರೆಡ್, ಸಾಸ್, ಚೀಸ್, ಪುಡಿ ಕಲಸಿ ಮಾಡುವ ಸೂಪ್, ಇವುಗಳಲ್ಲಿ ಉಪ್ಪು ಆಗಲೇ ಕೂತಿರುತ್ತದೆ. ಬಿಸ್ಕತ್ತಿನಲ್ಲೂ ಇರುತ್ತದೆ, ಸಿಹಿ ಇದ್ದ ಮಾತ್ರಕ್ಕೆ ಉಪ್ಪಿಲ್ಲ ಅಂತಲ್ಲ. ಪೊಟ್ಟಣದ ಹಿಂದೆ ಸೋಡಿಯಂ ಅಂತ ಬರೆದಿರುತ್ತಾರೆ, ಉಪ್ಪು ಅಂತಲ್ಲ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಹಾಗೇ ಆ ಸಂಖ್ಯೆ ನೂರು ಗ್ರಾಂಗೋ, ಒಂದು ಸರ್ತಿ ತಿನ್ನುವ ಅಳತೆಗೋ, ಇಡೀ ಪೊಟ್ಟಣಕ್ಕೋ ಅಂತಲೂ ನೋಡಿ. ಅವರ ಲೆಕ್ಕದಲ್ಲಿ ಒಂದು ಪೊಟ್ಟಣ ನಾಲ್ಕು ಜನಕ್ಕೆ. ನಮ್ಮ ಲೆಕ್ಕ ಬೇರೆ.

ಆದರೆ ಹಬ್ಬದ ದಿನ ತಟ್ಟೆ ಮುಂದೆ ಕೂತು ಕ್ಯಾಲ್ಕುಲೇಟರ್ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವ ಡಾಕ್ಟರನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ, ನನಗೆ ಊಟ ಇಷ್ಟ. ನನ್ನ ಲೆಕ್ಕಾಚಾರ ಹೀಗೆ. ಹಬ್ಬ ಒಂದು ದಿನ. ತೊಂದರೆ ಆಗುವುದು ಅದರ ಹಿಂದಿನ ನಾಲ್ಕು ದಿನ, ಮುಂದಿನ ಆರು ದಿನ, ಮಿಕ್ಕ ತಿಂಡಿ ಡಬ್ಬಿಯಲ್ಲಿದೆ ಅಂತ ಹೋಗಿಬಂದಾಗೆಲ್ಲ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುವುದರಿಂದ. ಆ ಒಂದು ಊಟ ಸಂತೋಷವಾಗಿ ಮಾಡಿ, ಇಷ್ಟವಾದದ್ದನ್ನೇ ತಿನ್ನಿ, ಅಷ್ಟೇನೂ ಇಷ್ಟ ಇಲ್ಲದ್ದನ್ನು ಬರೀ ಸಂಕೋಚಕ್ಕೆ ಬಡಿಸಿಕೊಳ್ಳಬೇಡಿ. ಅದರ ಹಿಂದಿನ, ಮುಂದಿನ ಹೊತ್ತು ಹಣ್ಣು, ತರಕಾರಿ, ಕಾಳು, ಮೊಸರು. ಹಣ್ಣು ತರಕಾರಿಯಲ್ಲಿರುವ ಪೊಟ್ಯಾಸಿಯಂ, ಕಿಡ್ನಿ ಸೋಡಿಯಂ ಹೊರಹಾಕಲು ನೆರವಾಗುತ್ತದೆ. ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು ಮೊಸರು ಹೆಚ್ಚಿರುವ ಊಟದಿಂದ ಕೆಲವೇ ವಾರಗಳಲ್ಲಿ ಬಿಪಿ ಇಳಿಯುತ್ತದೆ ಅಂತ 1997ರಲ್ಲೇ ಅಮೆರಿಕದಲ್ಲಿ ತೋರಿಸಿದ್ದಾರೆ. ಅದಕ್ಕೆ ಡ್ಯಾಶ್ ಊಟ ಅಂತ ಹೆಸರು. ಮತ್ತೆ ನೀವೇ ಅಡುಗೆ ಮಾಡುವವರಾದರೆ, ಉಪ್ಪನ್ನು ಕಾಲು ಭಾಗ ಇಳಿಸಿ, ಯಾರಿಗೂ ಹೇಳಬೇಡಿ. ಹೇಳಿದರೆ ಎಲ್ಲರ ನಾಲಿಗೆಗೂ ಸಪ್ಪೆ ಅನಿಸುತ್ತದೆ.

ಈ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ, ಸೋಡಿಯಂ ಕಡಿಮೆ ಇರುವ ಉಪ್ಪು ಬರುತ್ತದಲ್ಲ, ಅದನ್ನು ಬಳಸಬಹುದಾ ಅಂತ. ಒಳ್ಳೆಯ ಪ್ರಶ್ನೆ. ಅದರಲ್ಲಿ ಸೋಡಿಯಂ ಸ್ವಲ್ಪ ತೆಗೆದು ಪೊಟ್ಯಾಸಿಯಂ ಹಾಕಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಇದನ್ನು ನೋಡಿದ್ದಾರೆ. ಮೊದಲೇ ಲಕ್ವ ಹೊಡೆದಿದ್ದವರು ಅಥವಾ 60 ದಾಟಿದ ಬಿಪಿಯವರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಮಾಮೂಲಿ ಉಪ್ಪು, ಕಾಲು ಪೊಟ್ಯಾಸಿಯಂ ಉಪ್ಪು ಬೆರೆಸಿದ್ದು ಕೊಟ್ಟರು. ಸುಮಾರು ಐದು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಲಕ್ವ 14 ಪ್ರತಿಶತ ಕಡಿಮೆಯಾಯಿತು. 2021ರಲ್ಲಿ ಫಲಿತಾಂಶ ಬಂತು. ಹಾಗಂತ ಇವತ್ತೇ ಅಂಗಡಿಗೆ ಓಡಬೇಡಿ. ಕಿಡ್ನಿ ತೊಂದರೆ ಇರುವವರು, ಎನಾಲಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಇವರ ಮೈಯಲ್ಲಿ ಪೊಟ್ಯಾಸಿಯಂ ಉಳಿದುಕೊಂಡರೆ ಹೃದಯದ ಬಡಿತವೇ ತಪ್ಪಬಹುದು.

ಕುಡಿತ. ಕುಡಿಯದವರು ಎರಡು ನಿಮಿಷ ಆಕಡೆ ಈಕಡೆ ನೋಡಿ. ಮದ್ಯ ಬಿಪಿ ಏರಿಸುತ್ತದೆ, ಹೆಚ್ಚು ಕುಡಿದಷ್ಟೂ ಹೆಚ್ಚು, ನಿದ್ದೆಯನ್ನೂ ಕೆಡಿಸುತ್ತದೆ. 1978ರಲ್ಲಿ ಅಮೆರಿಕದ ವೈದ್ಯರು ಇದಕ್ಕೆ ಸಂಬಂಧಪಟ್ಟ ಒಂದು ತೊಂದರೆಗೆ "ರಜೆಯ ಹೃದಯ" ಅಂತಲೇ ಹೆಸರಿಟ್ಟರು. ವಾರಾಂತ್ಯ, ರಜೆಗಳಲ್ಲಿ ವಿಪರೀತ ಕುಡಿದವರು ಎದೆ ಢವಢವ ಅಂತ ಆಸ್ಪತ್ರೆಗೆ ಬರುತ್ತಿದ್ದರು, ಹೃದಯದ ತಾಳ ತಪ್ಪಿರುತ್ತಿತ್ತು. "ವರ್ಷಪೂರ್ತಿ ಮುಟ್ಟಲ್ಲ, ಈ ಮೂರು ದಿನ ಮಾತ್ರ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ, ಹೃದಯಕ್ಕೆ ವರ್ಷದ ಸರಾಸರಿ ಗೊತ್ತಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಸಿಟ್ಟು ಬರುವುದು ಶೀತದ ಮಾತ್ರೆಗಳ ಮೇಲೆ. ಜನ ಸೇರಿದ ಕಡೆ ಶೀತ ಖಂಡಿತ. ಮೂಗು ಕಟ್ಟಿದೆ ಅಂತ ಅಂಗಡಿಯಲ್ಲಿ ಕೇಳಿ ತರುತ್ತೀರಿ. ಅದರಲ್ಲಿ ಸ್ಯೂಡೋಎಫೆಡ್ರಿನ್ ಅಥವಾ ಫೀನೈಲೆಫ್ರಿನ್ ಇದ್ದರೆ, ಅದು ರಕ್ತನಾಳ ಬಿಗಿದೇ ಮೂಗು ಬಿಡಿಸಲು ನೋಡುವುದು, ಮೂಗಿನದ್ದಷ್ಟೇ ಬಿಗಿ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಬಿಪಿ ಏರಬಹುದು. ಕುಣಿದು ಮೈಕೈ ನೋವು ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಅವು ಉಪ್ಪು ನೀರನ್ನು ಮೈಯಲ್ಲಿ ಉಳಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕುಗ್ಗಿಸುತ್ತವೆ. ನೋವಿಗೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ವಾಸಿ, ಅದೂ ಮಿತಿಯಲ್ಲಿ. ಅದರಲ್ಲೂ ಒಂದು ಬಲೆ ಇದೆ. ನೀರಿಗೆ ಹಾಕಿದರೆ ಬುಸ್ಸನೆ ಕರಗುತ್ತದಲ್ಲ, ಆ ಥರದ್ದು, ಒಂದೊಂದರಲ್ಲೂ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರಬಹುದು. ಅಂದರೆ 1 ಗ್ರಾಂ ಉಪ್ಪು. ದಿನಕ್ಕೆ ಐದು ಕರಗಿಸಿ ಕುಡಿದರೆ ದಿನದ ಪಾಲು ಅದರಲ್ಲೇ ಮುಗಿಯಿತು, ಊಟಕ್ಕೆ ಏನೂ ಉಳಿಯಲಿಲ್ಲ. ಕೆಮ್ಮಿಗೆ ಅಂತ ಜ್ಯೇಷ್ಠಮಧುವನ್ನು ದಿನಗಟ್ಟಲೆ ಜಗಿಯುವವರೂ ಹುಷಾರು. ಅದು ಬೇರು, ಗಿಡಮೂಲಿಕೆ, ನಿಜ, ಆದರೆ ಜಾಸ್ತಿಯಾದರೆ ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

ನಿದ್ದೆ, ನಡಿಗೆ, ಜಗಳ, ಮೂರನ್ನೂ ಒಟ್ಟಿಗೆ ಹೇಳುತ್ತೇನೆ. ನಿದ್ದೆಯಲ್ಲಿ ಬಿಪಿ ಮಾಮೂಲಾಗಿ 10ರಿಂದ 20 ಪ್ರತಿಶತ ಇಳಿಯುತ್ತದೆ, ರಕ್ತನಾಳಗಳಿಗೆ ಸಿಗುವ ದಿನದ ಬಿಡುವು ಅದೇ. ರಾತ್ರಿ ಎರಡರವರೆಗೆ ಹರಟೆ, ಬೆಳಿಗ್ಗೆ ಐದಕ್ಕೆ ಪೂಜೆಯೋ ಪ್ರಯಾಣವೋ, ಬಿಡುವೇ ಇಲ್ಲ. ಅರ್ಧ ಗಂಟೆ ನಡೆದರೆ ಆಮೇಲೆ ಕೆಲವು ಗಂಟೆ ಬಿಪಿ ಸ್ವಲ್ಪ ಕೆಳಗೇ ಇರುತ್ತದೆ, ಮೇಲಾಗಿ ನಡಿಗೆ ಅನ್ನುವುದು ಮನೆಯಿಂದ ತಪ್ಪಿಸಿಕೊಳ್ಳಲು ಗೌರವಯುತ ಕಾರಣ. ಹಳೇ ಆಸ್ತಿ ಮಾತು ಎದ್ದಾಗ ನಾನು ಚಪ್ಪಲಿ ಹಾಕಿಕೊಂಡು ಹೊರಡುತ್ತೇನೆ.

ಇನ್ನು ಅಳೆಯುವುದು. ರಜೆಯಲ್ಲಿ ಮನೆಮಂದಿ ಸೇರಿದಾಗ ಒಬ್ಬರು ಬಿಪಿ ಯಂತ್ರ ತೆಗೆದರೆ ಅದು ಆಟದ ಸಾಮಾನು ಆಗಿಬಿಡುತ್ತದೆ. ಊಟ ಮುಗಿದಿದೆ, ಟಿವಿ ಓಡುತ್ತಿದೆ, ಭಾವ ಕಾಲ ಮೇಲೆ ಕಾಲು ಹಾಕಿ, ಅಂಗಿ ತೋಳಿನ ಮೇಲೇ ಪಟ್ಟಿ ಕಟ್ಟಿಸಿಕೊಂಡು, ಜೋಕು ಹೇಳುತ್ತಾ ಅಳೆಸಿಕೊಳ್ಳುತ್ತಾರೆ. 158! ಎಲ್ಲರೂ ಗಾಬರಿ. ಇನ್ನೊಮ್ಮೆ ಅಳೆಯುತ್ತಾರೆ, ಗಾಬರಿಗೆ 165. ಮಾತಾಡಿದರೆ ಏರುತ್ತದೆ, ಕಾಲು ಅಡ್ಡ ಹಾಕಿದರೆ ಏರುತ್ತದೆ, ಮೂತ್ರ ತುಂಬಿಕೊಂಡಿದ್ದರೆ ಏರುತ್ತದೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಸುಳ್ಳು ಏರಿಕೆ ತೋರಿಸುತ್ತದೆ. ಕಾಫಿ, ಸಿಗರೇಟು, ವ್ಯಾಯಾಮ ಆಗಿ ಅರ್ಧ ಗಂಟೆ ಕಳೆದಿರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಬರಿ ತೋಳಿಗೆ ಪಟ್ಟಿ, ಐದು ನಿಮಿಷ ಬಾಯಿ ಮುಚ್ಚಿ ಕೂರುವುದು. ಭಾವನಿಗೆ ಕೊನೆಯದು ಕಷ್ಟ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಿರಿ, ಎರಡನ್ನೂ ಬರೆದಿಡಿ.

ಸರಿಯಾಗಿ ಅಳೆದೂ 180/120 ಮೇಲೆ ಬಂದರೆ? ಮೊದಲು ಆ ವ್ಯಕ್ತಿಯನ್ನು ನೋಡಿ, ಯಂತ್ರವನ್ನಲ್ಲ. ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಕಾಲು ಸೋಲುವುದು, ಕಣ್ಣು ಮಂಜಾಗುವುದು, ಹಿಂದೆಂದೂ ಬಾರದಂಥ ತಲೆನೋವು, ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಂಬುಲೆನ್ಸ್ ಕರೆಯಿರಿ. ಹಬ್ಬದ ದಿನ, ಅತಿಥಿಗಳಿದ್ದಾರೆ, ನಾಳೆ ನೋಡೋಣ, ಇವೆಲ್ಲ ಬೇಡ. ಯಾವ ಲಕ್ಷಣವೂ ಇಲ್ಲದಿದ್ದರೆ ಕೂರಿಸಿ, ಐದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮನೆಯಲ್ಲಿ ಇನ್ಯಾರದ್ದೋ ಮಾತ್ರೆ ತೆಗೆದು ಕೊಡಬೇಡಿ, ಅವರದ್ದೇ ಆದರೂ ಎರಡು ಮೂರು ನುಂಗಿಸಬೇಡಿ. ಹಿಂದೆ ನಾವು ಡಾಕ್ಟರುಗಳೇ ಒಂದು ತಪ್ಪು ಮಾಡುತ್ತಿದ್ದೆವು. ನಿಫೆಡಿಪಿನ್ ಕ್ಯಾಪ್ಸೂಲು ಚುಚ್ಚಿ ನಾಲಿಗೆ ಕೆಳಗೆ ಹಿಂಡಿದರೆ ಬಿಪಿ ಸರ್ರನೆ ಇಳಿಯುತ್ತಿತ್ತು, ಎಲ್ಲರಿಗೂ ಖುಷಿ. ಹಾಗೆ ಸರ್ರನೆ ಇಳಿದದ್ದರಿಂದಲೇ ಕೆಲವರಿಗೆ ಲಕ್ವ, ಹೃದಯಾಘಾತ ಆದದ್ದು ಕಂಡುಬಂದು 1990ರ ದಶಕದಲ್ಲಿ ಬಿಡಬೇಕೆಂಬ ಕೂಗು ಎದ್ದಿತು. ವರ್ಷಗಳಿಂದ ಹೆಚ್ಚಿನ ಒತ್ತಡಕ್ಕೆ ಒಗ್ಗಿಕೊಂಡ ಮೆದುಳಿಗೆ ಥಟ್ಟನೆ ರಕ್ತ ಕಡಿಮೆಯಾದರೆ ತಡೆಯುವುದಿಲ್ಲ.

ಕೊನೆಯ ಪ್ರಶ್ನೆ, ಹಿಂದಿನ ಸಾಲಿನ ಅಮ್ಮ ಕೇಳಿದ್ದು. "ರಜೆಯಲ್ಲಿ ಎಲ್ಲ ಎಡವಟ್ಟಾಗಿ ವಾಪಸ್ ಬಂದಿದ್ದೇನೆ, 150 ಇದೆ. ಡೋಸ್ ಜಾಸ್ತಿ ಮಾಡಿಸಿಕೊಳ್ಳಬೇಕಾ?" ಬೇಡಮ್ಮ, ಮೊದಲು ಇದ್ದದ್ದನ್ನೇ ದಿನಾ ಸರಿಯಾಗಿ ತಗೊಳ್ಳಿ. ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆಯಿರಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ನಾವು ತೆಗೆಯುತ್ತೇವೆ. ಆ ಕಾಗದ ತೆಗೆದುಕೊಂಡು ಬರುವಾಗ ಒಂದು ಉಪಕಾರ ಮಾಡಿ. ಮಾತ್ರೆ ತಪ್ಪಿದ ದಿನಗಳನ್ನೂ ಅದರಲ್ಲೇ ಗುರುತು ಹಾಕಿ ತನ್ನಿ. ನಾವು ಬೈಯುವುದಿಲ್ಲ, ಬೈದರೂ ಪರವಾಗಿಲ್ಲ. ಆ ಲೋಟದವರು ಮೇಜು ನೋಡುತ್ತಾ ಇನ್ನೂ ಅರ್ಧ ನಿಮಿಷ ಸುಮ್ಮನಿದ್ದಿದ್ದರೆ ನಾನು ಅವರಿಗೆ ಎರಡರಷ್ಟು ಬರೆದುಕೊಡುತ್ತಿದ್ದೆ. ಅವರು ಮನೆಗೆ ಹೋಗಿ, ಲೋಟದ ಪಕ್ಕ ನಿಂತು, ಅದನ್ನು ತಪ್ಪದೆ ನುಂಗುತ್ತಿದ್ದರು.